ಜೇಬಿಗೆ ಹಾಕಿದ ನೋಟೀಸು

ಕಾಜಣ್ಣನಿಗೆ ಕುರ್ಚಿ ಇರುವ ಕೆಲಸ ಸಿಕ್ಕಿತು.

ಸಂಬಳ ಎಷ್ಟು, ವಾರದ ರಜೆ ಯಾವತ್ತು, ಹೋಗಿಬರಲು ಬಸ್ಸಿದೆಯೇ, ಇದ್ಯಾವುದನ್ನೂ ಅವನು ಕೇಳಲಿಲ್ಲ. ಕುರ್ಚಿ ತಿರುಗುತ್ತದೆಯೇ ಎಂದು ಮಾತ್ರ ಕೇಳಿದ. ತಿರುಗುತ್ತದೆ ಎಂಬ ಉತ್ತರ ಬಂದ ಕ್ಷಣದಿಂದ ಅವನ ಬೀದಿಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಹಾಲು ತರಲು ಹೋದರೂ ಕುರ್ಚಿ, ನಲ್ಲಿ ರಿಪೇರಿಯವನು ಬಂದರೂ ಕುರ್ಚಿ. ಎದುರುಮನೆಯ ಅಜ್ಜಿ ಕಿವಿ ಮಂದ ಇದ್ದದ್ದರಿಂದ ಬಚಾವಾದರು.

ಕಾಜಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಅಂಗಿ ಹಾಕಿಕೊಂಡರೆ ಗುಂಡಿಗಳು ಒಂದೊಂದು ಕಾಜ ತಪ್ಪಿಯೇ ಕೂರುತ್ತವೆ. ಮೇಲೆ ಒಂದು ಕಾಜ ಅನಾಥ, ಕೆಳಗೆ ಒಂದು ಗುಂಡಿ ಅನಾಥ. ಮದುವೆಯ ಫೋಟೋದಲ್ಲೂ ಹಾಗೆಯೇ ಇದೆ. ಇಂಥವನು ಹನ್ನೊಂದು ವರ್ಷದಿಂದ ದುಡಿಯುತ್ತಿದ್ದದ್ದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಅನ್ನುವುದು ದೇವರು ಮಾಡಿದ ತಮಾಷೆ.

ಅಂಗಡಿ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಕೌಂಟರು, ಅದರ ಹಿಂದೆ ನಿಂತ ಕಾಜಣ್ಣ, ಅವನ ಹಿಂದೆ ಹ್ಯಾಂಗರಿನಲ್ಲಿ ನೇತಾಡುವ ಊರವರ ಬಟ್ಟೆ, ಕೊನೆಯಲ್ಲಿ ಹಬೆ ಉಗುಳುವ ಮಿಷನ್ನು ಮತ್ತು ಇಸ್ತ್ರಿ ಅಕ್ಕ. ಇಡೀ ಅಂಗಡಿಗೆ ಒಂದು ಕುರ್ಚಿ. ಅದು ಮಾಲೀಕರದು. ಇಡೀ ಅಂಗಡಿಗೆ ಒಂದು ಫ್ಯಾನು. ಅದೂ ಮಾಲೀಕರ ತಲೆಯ ಮೇಲೆಯೇ ಇತ್ತು, ಆದರೆ ತಿರುಗುತ್ತಿರಲಿಲ್ಲ. ಕೆಟ್ಟಿರಲಿಲ್ಲ. ಮಾಲೀಕರ ಎಡಕಿವಿಯ ಮೇಲೆ ಉಳಿದಿದ್ದ ಸುಮಾರು ಹದಿನಾಲ್ಕು ಉದ್ದ ಕೂದಲನ್ನು ಅವರು ದಿನಾ ಬೆಳಗ್ಗೆ ನಡುನೆತ್ತಿಯ ಮೇಲಿಂದ ದಾಟಿಸಿ ಬಲಕಿವಿಗೆ ಮುಟ್ಟಿಸುತ್ತಿದ್ದರು. ಫ್ಯಾನು ಹಾಕಿದರೆ ಆ ಹದಿನಾಲ್ಕೂ ಎದ್ದು ನಿಂತು ಎಡಕ್ಕೇ ವಾಪಸ್ ಹೊರಟುಬಿಡುತ್ತವೆ. ಅದಕ್ಕೇ ಹನ್ನೊಂದು ವರ್ಷದಿಂದ ಇಬ್ಬರು ನೌಕರರು ಹಬೆಯಲ್ಲಿ ಬೇಯುತ್ತಿದ್ದರು. ಯಾರೂ ಬಾಯಿ ಬಿಟ್ಟಿರಲಿಲ್ಲ. ಮಾಲೀಕರು ಕೆಟ್ಟವರಲ್ಲ, ಸಂಕೋಚದವರು. ಹಾಗೆಯೇ ದೊಡ್ಡ ಮನುಷ್ಯರು. ಒಂದೇ ಕೋಟನ್ನು ಎರಡು ದಿನ ಹಾಕಿದ್ದನ್ನು ಕಾಜಣ್ಣ ನೋಡಿರಲಿಲ್ಲ.

ಅಂಗಡಿಗೆ ಒಂದು ನಿಯಮವಿತ್ತು. ಅದನ್ನು ತಂದವನು ಕಾಜಣ್ಣ, ಬೋರ್ಡು ಬರೆಸಿದವರು ಮಾಲೀಕರು: ನಿಮ್ಮ ಜೇಬಿನದು ನಿಮಗೇ. ಬಟ್ಟೆ ಮಿಷನ್ನಿಗೆ ಹೋಗುವ ಮೊದಲು ಪ್ರತಿ ಜೇಬಿಗೂ ಕೈ ಹಾಕಿ ನೋಡಬೇಕು. ಸಿಕ್ಕಿದ್ದು ಹಲ್ಲುಕಡ್ಡಿಯೇ ಆಗಲಿ, ಅದನ್ನು ಕಾಗದದ ಕವರಿಗೆ ಹಾಕಿ, ಹ್ಯಾಂಗರಿಗೆ ಪಿನ್ನು ಹೊಡೆದು, ಬಟ್ಟೆಯ ಜೊತೆ ವಾಪಸ್ ಕೊಡಬೇಕು. ಓದಬಾರದು, ಬಿಡಿಸಬಾರದು, ಕೇಳಬಾರದು. ಒಮ್ಮೆ ಅರ್ಧ ತಿಂದ ಬಿಸ್ಕತ್ತನ್ನು ಹೀಗೆ ವಾಪಸ್ ಕೊಟ್ಟಾಗ ಗಿರಾಕಿ ಅಲ್ಲೇ ನಿಂತು ತಿಂದು ಹೋಗಿದ್ದರು. ಕಾಜಣ್ಣನ ಕಣ್ಣು ಕೋಟು ನೋಡುತ್ತಿರಲಿಲ್ಲ, ಜೇಬು ನೋಡುತ್ತಿತ್ತು. ಯಾರ ಕೋಟು ಯಾವ ಬಣ್ಣ ಎಂದು ಕೇಳಿದರೆ ಅವನು ಕಾಲರಿಗೆ ಹೊಡೆದ ಗಿರಾಕಿ ಚೀಟಿಯ ನಂಬರು ನೋಡಿಯೇ ಹೇಳಬೇಕು.

ಕುರ್ಚಿಯ ಕೆಲಸ ಬಂದದ್ದೂ ಈ ನಿಯಮದಿಂದಲೇ. ದೊಡ್ಡ ಹೋಟೆಲಿನ ಮ್ಯಾನೇಜರ್ ಒಬ್ಬರು ಆ ಸೋಮವಾರ ಒಂದು ಕೋಟು ಬಿಡಿಸಿಕೊಂಡು ಇನ್ನೊಂದನ್ನು ಒಗೆಯಲು ಕೊಟ್ಟರು. ಬಿಡಿಸಿಕೊಂಡ ಕೋಟಿನ ಕವರಿನಲ್ಲಿ ಒಂದು ಪುಟ್ಟ ಟ್ಯೂಬು ಇತ್ತು, ಅಂಟಿನದು. ಅದನ್ನು ನೋಡಿದ್ದೇ ಅವರ ಮುಖ ಕೆಂಪಾಯಿತು.

"ಇದು ಏನಕ್ಕೆ ಅಂತ ನೀವು ಕೇಳಲಿಲ್ಲ," ಅಂದರು.

"ಜೇಬಿನದನ್ನ ಕೇಳಬಾರದು ಸಾರ್."

ಮ್ಯಾನೇಜರ್ ಅವನನ್ನು ಒಂದು ನಿಮಿಷ ನೋಡಿದರು. "ನಮ್ಮಲ್ಲಿ ನೂರು ರೂಮಿದೆ. ಲಾಂಡ್ರಿ ಸೂಪರ್‌ವೈಸರ್ ಕೆಲಸ ಖಾಲಿ ಇದೆ. ಬಾಯಿ ಗಟ್ಟಿ ಇರೋರು ಬೇಕು. ಈ ಒಂದನೇ ತಾರೀಕು ಬಿಟ್ಟು ಮುಂದಿನ ಒಂದನೇ ತಾರೀಕು ಬಂದುಬಿಡಿ."

ಆಮೇಲೆ ಕಾಜಣ್ಣ ಕುರ್ಚಿಯ ವಿಷಯ ಕೇಳಿದ್ದು.

ಒಂದನೇ ತಾರೀಕಿಗೆ ಇನ್ನೂ ಒಂದು ತಿಂಗಳ ಮೇಲೆ ನಾಲ್ಕು ದಿನವಿತ್ತು. ಉಳಿದದ್ದು ಒಂದೇ ಕೆಲಸ, ಮಾಲೀಕರಿಗೆ ಹೇಳುವುದು. ಕಾಜಣ್ಣ ಮನೆಗೆ ಬಂದು ಹೆಂಡತಿಯ ಮುಂದೆ ಕೂತ.

"ಹೋಗಿ ಬಾಯಲ್ಲಿ ಹೇಳ್ರೀ. ಅವರೇನು ಹುಲಿಯಾ?" ಅಂದಳು ಹೆಂಡತಿ.

"ಹುಲಿ ಆಗಿದ್ರೆ ಓಡಬಹುದಿತ್ತು. ಇವರು ಬೇಜಾರು ಮಾಡ್ಕೊತಾರೆ."

ಅದೇ ಹೊತ್ತಿಗೆ ಅವಳ ತಮ್ಮ ಬಂದಿದ್ದ. ಒಂಬತ್ತು ಕೆಲಸ ಬಿಟ್ಟವನು, ಒಂದನ್ನೂ ಹೇಳಿ ಬಿಟ್ಟವನಲ್ಲ. "ಭಾವ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊತೀರ? ಟೀ ಕುಡ್ಕೊಂಡು ಬರ್ತೀನಿ ಅಂತ ಹೋಗಿ, ಬರಬೇಡಿ. ಟೈರ್ ಅಂಗಡೀಲಿ ನಾನು ಟೀಗೆ ಅಂತ ಹೋಗಿ ಆರು ವರ್ಷ ಆಯ್ತು. ಮೊನ್ನೆ ಅವರೇ ಸಿಕ್ಕು, ಟೀ ಆಯ್ತಾ ಅಂತ ಕೇಳಿದ್ರು."

"ಹಾಗೆ ಮಾಡಿದ್ರೆ ಬೀದಿಯಲ್ಲಿ ತಲೆ ಎತ್ತಕ್ಕಾಗಲ್ಲ," ಅಂದ ಕಾಜಣ್ಣ.

"ನಾನು ಎತ್ಕೊಂಡೇ ಓಡಾಡ್ತಿದೀನಲ್ಲ."

ಕೊನೆಗೆ ಕಾಜಣ್ಣ ಪಕ್ಕದ ಮನೆಯ ರಿಟೈರ್ಡ್ ಹೆಡ್ ಕ್ಲರ್ಕಿನ ಹತ್ತಿರ ಹೋದ. ಹೆಡ್ ಕ್ಲರ್ಕು ಬನಿಯನ್ನಿನಲ್ಲಿ ಕೂತು ಹಲ್ಲಿ ಓಡಿಸುತ್ತಿದ್ದರು. ವಿಷಯ ಕೇಳಿದ್ದೇ ಎದ್ದು ಅಂಗಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ಬಂದು ಕೂತರು.

"ನನ್ನ ಸರ್ವೀಸಲ್ಲಿ ಇನ್ನೂರು ಜನಕ್ಕೆ ರಾಜೀನಾಮೆ ಬರೆದುಕೊಟ್ಟಿದೀನಪ್ಪ. ನನ್ನದೊಂದು ಬರೆಯೋ ಧೈರ್ಯ ಬರಲಿಲ್ಲ. ಕೇಳು. ಮೂವತ್ತು ದಿನ ಮುಂಚೆ, ಬರವಣಿಗೆಯಲ್ಲಿ. ಮೂರು ಸಾಲು, ಜಾಸ್ತಿ ಇಲ್ಲ. ನಾಲ್ಕನೇ ಸಾಲು ಬರೆದೆ ಅಂದ್ರೆ ಅದು ನಿನ್ನ ವಿರುದ್ಧವೇ ಸಾಕ್ಷಿ ಹೇಳುತ್ತೆ."

"ಮಾಲೀಕರಿಗೆ ಅಂತ ಹಾಕಲಾ ಸಾರ್?"

"ಮಾಲೀಕರು ಅನ್ನೋದು ಅಂಗಡಿ ಮಾತು. ವ್ಯವಸ್ಥಾಪಕರು ಅಂತ ಹಾಕು, ಗೌರವ. ಕಾರಣ ಯಾವಾಗಲೂ ಶರೀರದ್ದೇ ಇರಬೇಕು. ಮನಸ್ಸಿನ ಕಾರಣ ಕೊಟ್ರೆ ವಾದ ಮಾಡ್ತಾರೆ. ನಿನ್ನ ಶರೀರದಲ್ಲಿ ಏನು ಕೆಟ್ಟಿದೆ?"

"ಕಾಲು ನೋಯುತ್ತೆ. ಹನ್ನೊಂದು ವರ್ಷದಿಂದ ನಿಂತೇ ಇದೀನಲ್ಲ."

"ಚೆನ್ನಾಗಿದೆ. ಬರಿ."

ಪತ್ರ ಹೀಗಾಯಿತು:

ಮಾನ್ಯ ವ್ಯವಸ್ಥಾಪಕರೇ, ತಾವು ಕೊಟ್ಟ ಕೆಲಸವನ್ನು ಕಾಲುನೋವಿನ ಕಾರಣದಿಂದ ಬಿಡಲು ತೀರ್ಮಾನಿಸಿದ್ದೇನೆ. ನಿಯಮದಂತೆ ಮೂವತ್ತು ದಿನ ಮುಂಚಿತವಾಗಿ ತಿಳಿಸುತ್ತಿದ್ದೇನೆ. ತಮ್ಮ ಔದಾರ್ಯವನ್ನು ಮರೆಯುವುದಿಲ್ಲ.

ಕೆಳಗೆ ಸಹಿ. ಹೆಡ್ ಕ್ಲರ್ಕು ಎರಡು ಸಲ ಓದಿ, "ಇದನ್ನ ಸುಪ್ರೀಂ ಕೋರ್ಟೂ ಅಲ್ಲಾಡಿಸಕ್ಕಾಗಲ್ಲ," ಅಂದರು.

ಮನೆಗೆ ಬಂದ ಮೇಲೆ ಕಾಜಣ್ಣನಿಗೆ ಮನಸ್ಸು ತಡೆಯಲಿಲ್ಲ. ಹನ್ನೊಂದು ವರ್ಷದ ಋಣ ಮೂರು ಸಾಲಿಗೆ ಮುಗಿಯುತ್ತದೆಯೇ? ಹೋಗುವ ಮೊದಲು ಮಾಲೀಕರಿಗೆ ಒಂದು ಒಳ್ಳೆಯದು ಮಾಡಿ ಹೋಗಬೇಕು ಅನಿಸಿತು. ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದಾಗ ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕನೇ ಸಾಲು ಬರೆದ: ಇನ್ನೊಂದು ಮಾತು, ತಮ್ಮ ಕೂದಲಿನ ವಿಷಯ ಎಲ್ಲರಿಗೂ ಗೊತ್ತು, ಇನ್ನು ಮುಚ್ಚಿಡಬೇಡಿ, ಬೋಳುತಲೆಯಲ್ಲೂ ತಾವು ನಮಗೆ ಹಿರಿಯರೇ.

ಮಾರನೇ ದಿನ ಪತ್ರವನ್ನು ಕೈಯಿಂದ ಕೈಗೆ ಕೊಡುವುದೆಂದು ಹೊರಟ. ಮಾಲೀಕರು ಬಂದರು, ಅವತ್ತು ಬೂದು ಕೋಟು. ಕೂತರು. ಸೆಖೆಗೆ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಕಾಜಣ್ಣ ನಾಲ್ಕು ಸಲ ಹತ್ತಿರ ಹೋಗಿ ನಾಲ್ಕು ಸಲವೂ "ಚೀಟಿ ಪುಸ್ತಕ ಮುಗೀತಾ ಬಂತು ಸಾರ್" ಅಂದ. ಐದನೇ ಸಲ ಮಾಲೀಕರು, "ಒಂದು ಪುಸ್ತಕಕ್ಕೆ ಎಷ್ಟು ಸಲ ಅಳ್ತೀಯ ಕಾಜಾ," ಎಂದು ಹೊಸ ಪುಸ್ತಕ ಎದೆಗೆ ಒತ್ತಿ ಕೈತೊಳೆಯಲು ಹೋದರು. ಕಾಜಣ್ಣ ಕಣ್ಣು ಮುಚ್ಚಿಕೊಂಡು ಬೂದು ಕೋಟಿನ ಒಳಜೇಬಿಗೆ ಪತ್ರ ತುರುಕಿದ. ಅವನ ಜೀವಮಾನದಲ್ಲಿ ಜೇಬಿಗೆ ಏನನ್ನಾದರೂ ಹಾಕಿದ್ದು ಅದೇ ಮೊದಲು.

ಅದರ ಮಾರನೇ ದಿನ ಹೊಟ್ಟೆನೋವೆಂದು ರಜೆ ಹಾಕಿದ. ಮಾಲೀಕರ ಮೊದಲ ಸಿಟ್ಟು ಅವನಿಲ್ಲದಾಗಲೇ ಕಳೆದುಹೋಗಲಿ ಎಂಬ ಲೆಕ್ಕಾಚಾರ. ಆ ದಿನ ಜೇಬು ನೋಡುವ ಕೆಲಸವನ್ನೂ, ಹತ್ತಿರದ ಗಿರಾಕಿಗಳಿಗೆ ಬಟ್ಟೆ ತಲುಪಿಸುವ ಕೆಲಸವನ್ನೂ ಇಸ್ತ್ರಿ ಅಕ್ಕನೇ ಮಾಡಿದಳು.

ಮೂರನೇ ದಿನ ಕಾಜಣ್ಣ ಬೈಸಿಕೊಳ್ಳಲು ಸಿದ್ಧನಾಗಿ, ಒಳಗೆ ಎರಡು ಬನಿಯನ್ನು ಹಾಕಿಕೊಂಡು ಬಂದ. ಮಾಲೀಕರು ನೀಲಿ ಕೋಟಿನಲ್ಲಿ ಬಂದರು. "ಹೊಟ್ಟೆ ಹೇಗಿದೆ?" ಅಂದರು. ಅಷ್ಟೇ. ಹಾಡು ಗುನುಗುತ್ತಾ ಪೇಪರು ಬಿಡಿಸಿದರು.

ಕಾಜಣ್ಣ ದಂಗಾದ. ಬೈಗುಳಕ್ಕೆ ತಯಾರಾಗಿದ್ದವನಿಗೆ ಹಾಡು ಕೇಳಿಸಿದರೆ ಏನು ಮಾಡಬೇಕು?

ಒಂದು ವಾರ ಹೋಯಿತು. ಮಾಲೀಕರು ಕಂದು ಕೋಟಿನಲ್ಲಿ, ಕಪ್ಪು ಕೋಟಿನಲ್ಲಿ, ಚೌಕುಳಿ ಕೋಟಿನಲ್ಲಿ ಬಂದರು, ಪೇಪರು ಓದಿದರು, ಹೋದರು. ರಾಜೀನಾಮೆಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

"ಬಿಡಬೇಡ ಅಂತ ಒಂದು ಮಾತು ಬೇಡ್ವಾ?" ಅಂದಳು ಹೆಂಡತಿ. ಗಂಡ ಕೆಲಸ ಬಿಡುವುದು ಅವಳಿಗೇ ಬೇಕಾಗಿತ್ತು. ಆದರೂ ಅವನನ್ನು ಯಾರೂ ತಡೆಯದಿರುವುದು ಅವಳಿಗೆ ಅವಮಾನವಾಗಿತ್ತು. "ಹನ್ನೊಂದು ವರ್ಷ. ಮನೆ ಬಾಗಿಲಿಗೆ ಬರೋ ಬೆಕ್ಕು ನಾಲ್ಕು ದಿನ ಬರದಿದ್ರೆ ಎಲ್ಲಿ ಹೋಯ್ತು ಅಂತ ಕೇಳ್ತೀವಿ."

ಹೆಡ್ ಕ್ಲರ್ಕು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. "ಹದಿನೈದು ದಿನದಲ್ಲಿ ಉತ್ತರ ಬರದಿದ್ರೆ ಅಂಗೀಕಾರ ಆದಂತೆ. ನೀನು ಮಾತ್ರ ಬಾಯಿ ಬಿಡಬೇಡ. ಎಲ್ಲಿಗೆ ಹೋಗ್ತೀನಿ ಅಂತ ಅಂಗಡೀಲಿ ಒಬ್ಬರಿಗೂ ಗೊತ್ತಾಗಬಾರದು."

ಹೆಂಡತಿಗೆ ಅಷ್ಟು ಸಾಲದಾಯಿತು. ಒಂದು ಮಧ್ಯಾಹ್ನ, ಕಾಜಣ್ಣ ಗಿರಾಕಿಯೊಬ್ಬರಿಗೆ ಬಟ್ಟೆ ಕೊಡಲು ಹೊರಗೆ ಹೋಗಿದ್ದಾಗ, ಹಳೇ ರಗ್ಗೊಂದನ್ನು ಹೊತ್ತುಕೊಂಡು ಗಿರಾಕಿಯ ಹಾಗೆ ಅಂಗಡಿಗೇ ನುಗ್ಗಿದಳು. ರಗ್ಗನ್ನು ಕೌಂಟರಿನ ಮೇಲೆ ದೊಪ್ಪೆಂದು ಹಾಕಿ, "ನಮ್ಮನೆಯವರು ಹೇಗೆ ಕೆಲಸ ಮಾಡ್ತಾರೆ?" ಎಂದು ಕೇಳಿದಳು.

"ಕಾಜನಾ?" ಮಾಲೀಕರು ಪೇಪರು ಕೆಳಗಿಟ್ಟರು. "ಬಂಗಾರದಂಥ ಮನುಷ್ಯ ತಾಯಿ. ಅವನು ನನ್ನ ಬಿಟ್ಟು ಎಲ್ಲೂ ಹೋಗಲ್ಲ. ನಾನು ಸತ್ತರೂ ಇದೇ ಕೌಂಟರ್ ಹಿಂದೆ ನಿಂತಿರ್ತಾನೆ, ನೋಡ್ತಿರಿ."

ಅವಳು ರಗ್ಗನ್ನೂ ಅಲ್ಲೇ ಬಿಟ್ಟು ಮನೆಗೆ ಬಂದಳು. ಸಂಜೆ ಗಂಡ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ರೀ, ಅವರು ನಿಮ್ಮನ್ನ ಬಿಡಲ್ಲ. ಸತ್ತ ಮೇಲೂ ನಿಲ್ಲಿಸ್ತಾರಂತೆ. ಪತ್ರ ಹರಿದು ಹಾಕಿದಾರೆ."

ಕಾಜಣ್ಣ ಮಾರನೇ ದಿನ ಮಾಲೀಕರು ಎದ್ದ ಸಮಯ ನೋಡಿ ಅವರ ಕಸದ ಬುಟ್ಟಿಯೊಳಗೆ ಭುಜದವರೆಗೆ ಇಳಿದ. ಬಾಳೆಹಣ್ಣಿನ ಸಿಪ್ಪೆ, ಬಸ್ ಟಿಕೆಟು, ಉದುರಿದ ಒಂದು ಉದ್ದ ಕೂದಲು. ಅಲ್ಲಿಗೆ ಹದಿಮೂರು. ಪತ್ರದ ಚೂರು ಮಾತ್ರ ಇರಲಿಲ್ಲ.

"ಏನು ಹುಡುಕ್ತಿದೀಯ ಕಾಜಾ?" ಮೇಲಿನಿಂದ ದನಿ ಬಂತು.

"ಏನಿಲ್ಲ ಸಾರ್," ಅಂದ ಬುಟ್ಟಿಯೊಳಗಿನಿಂದಲೇ. "ಬುಟ್ಟಿಗೂ ಜೇಬಿನ ನಿಯಮ ಮಾಡೋಣ ಅಂತ."

ಮಾಲೀಕರು ಇಸ್ತ್ರಿ ಅಕ್ಕನ ಕಡೆ ತಿರುಗಿ, "ನೋಡಮ್ಮ, ಶ್ರದ್ಧೆ ಅಂದ್ರೆ ಇದು," ಅಂದರು.

ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಕಾಜಣ್ಣನನ್ನು ಮರುಕದಿಂದ ನೋಡಿದಳು. ಮಾಲೀಕರು ಆಚೆ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ನೀವು ಇಲ್ಲೇ ಇರೋದೇ ಒಳ್ಳೇದು ಬಿಡಿ ಅಣ್ಣ. ನಿಮ್ಮಂಥೋರಿಗೆ ಹೊರಗಡೆ ಆಗಲ್ಲ."

ಇದು ಮಾಲೀಕರು ಹೇಳಿಕೊಟ್ಟ ಮಾತು ಎಂದು ಕಾಜಣ್ಣ ತಕ್ಷಣ ಅರ್ಥ ಮಾಡಿಕೊಂಡ. ಮುಂದೆ ಮೌನ, ಹಿಂದೆ ದೂತರು. ದೊಡ್ಡವರ ರಾಜಕೀಯವೇ ಬೇರೆ. ಹೆಡ್ ಕ್ಲರ್ಕು ಹೇಳಿದಂತೆ ತುಟಿ ಬಿಗಿದುಕೊಂಡು ಸುಮ್ಮನಿದ್ದ.

ತಿಂಗಳು ಮುಗಿಯಲು ಮೂರು ದಿನ ಇದ್ದಾಗ ಇಸ್ತ್ರಿ ಅಕ್ಕ ಬರಲಿಲ್ಲ. ಟೀಗೆ ಅಂತ ಕೂಡ ಹೇಳಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ವಯರು ಸುತ್ತಿಟ್ಟು, ಮೇಜು ಒರೆಸಿ, ಹಿಂದಿನ ಸಂಜೆ ಹೋದವಳು ಹೋದಳು. ಮಾಲೀಕರು ಕುರ್ಚಿಯಲ್ಲಿ ಕುಸಿದು, "ಒಂದು ಮಾತು. ಒಂದೇ ಒಂದು ಮಾತು ಹೇಳಿ ಹೋಗಬಾರದಿತ್ತಾ? ನಾನೇನು ಹುಲಿಯಾ?" ಎಂದು ಗೋಡೆಯನ್ನು ಕೇಳಿದರು.

ಮೂವತ್ತು ದಿನ ಮುಂಚೆ ಹೇಳಿದ್ದ ಕಾಜಣ್ಣ ಎದೆಯುಬ್ಬಿಸಿ ನಿಂತ. ಈಗಲಾದರೂ ತನ್ನ ಬೆಲೆ ಗೊತ್ತಾಗಲಿ ಎಂದುಕೊಂಡ.

ಕೊನೆಯ ದಿನ ಬಂತು. ಹಾರ ಬೇಡ, ಒಂದು ಒಳ್ಳೆಯ ಮಾತಿಗೆ ಕಾದ. ಸಂಜೆ ಅಂಗಡಿಯ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಾಲೀಕರ ಮುಂದೆ ಇಟ್ಟ.

"ತಗೊಳ್ಳಿ ಸಾರ್. ತಪ್ಪೇನಾದ್ರೂ ಆಗಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ."

ಅಕ್ಕ ಹೋದ ದುಃಖದಲ್ಲಿ, ಒಂದು ಕೈಯಲ್ಲಿ ತಾವೇ ಯಾರದೋ ಪ್ಯಾಂಟು ಇಸ್ತ್ರಿ ಮಾಡುತ್ತಿದ್ದ ಮಾಲೀಕರು, ಇನ್ನೊಂದು ಕೈಯಲ್ಲಿ ಬೀಗದ ಕೈ ತೆಗೆದುಕೊಂಡು ತೊಟ್ಟಿದ್ದ ಕೋಟಿನ ಜೇಬಿಗೆ ಹಾಕಿಕೊಂಡರು. "ಹೂಂ ಹೂಂ. ನಾಳೆ ಸ್ವಲ್ಪ ಬೇಗ ಬಾ."

ಎಂಥ ಕಲ್ಲೆದೆ, ಇಷ್ಟಾದರೂ ಒಪ್ಪಿಕೊಳ್ಳುತ್ತಿಲ್ಲವಲ್ಲ ಎಂದು ಕಾಜಣ್ಣ ಬೆರಗಾಗಿ ಮನೆಗೆ ಹೋದ.

ಒಂದನೇ ತಾರೀಕು ಬೆಳಗ್ಗೆ ಮದುವೆಯ ಕೋಟು ಹಾಕಿಕೊಂಡ. ಗುಂಡಿಗಳನ್ನು ಹೆಂಡತಿಯೇ ಹಾಕಿದಳು, ಸರಿಯಾಗಿ. ಬೀದಿಯವರು ಬಾಗಿಲಲ್ಲಿ ನಿಂತು ಬೀಳ್ಕೊಟ್ಟರು. ಭಾವಮೈದ, "ಭಾವ, ಇಷ್ಟವಾಗದಿದ್ರೆ ಟೀ ನೆನಪಿರಲಿ," ಅಂದ.

ಹೋಟೆಲಿನ ಹಿಂಬಾಗಿಲಿನಲ್ಲಿ, ಮಡಚಿದ ಬಿಳಿ ಬೆಡ್‌ಶೀಟುಗಳ ಗುಡ್ಡೆಗಳ ನಡುವೆ ಬೋಳುತಲೆಯವರೊಬ್ಬರು ನಿಂತಿದ್ದರು. ತಲೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಮ್ಯಾನೇಜರ್ ಸಾಹೇಬರು ಎಲ್ಲಿ ಸಿಗ್ತಾರೆ?" ಎಂದು ಕಾಜಣ್ಣ ಕೇಳಿದ. "ಹೇಳಿ, ಸೂಪರ್‌ವೈಸರ್ ಬಂದಿದಾರೆ ಅಂತ."

ಬೋಳುತಲೆಯವರು ಅವನನ್ನೇ ದಿಟ್ಟಿಸಿದರು. "ನೀವಾ? ನೀವು ಯಾಕೆ ಬಂದ್ರಿ?"

ಆ ದನಿ ಕೇಳಿದ್ದೇ ಕಾಜಣ್ಣ ಎರಡು ಹೆಜ್ಜೆ ಹಿಂದೆ ಹೋಗಿ ಬೆಡ್‌ಶೀಟಿನ ಗುಡ್ಡೆಗೆ ಒರಗಿದ. ಮ್ಯಾನೇಜರೇ. ತಿಂಗಳ ಹಿಂದೆ ತಲೆತುಂಬ ಕಪ್ಪು ಕೂದಲಿದ್ದ ಮ್ಯಾನೇಜರು.

"ಸಾರ್, ನಿಮ್ಮ ತಲೆಗೆ..."

"ಮಾಡೋದೆಲ್ಲ ಮಾಡಿ ಈಗ ಕೇಳ್ತೀರಾ? ಬನ್ನಿ ಒಳಗೆ."

ಒಳಗೆ ಒಂದು ಗಾಜಿನ ಕೋಣೆ. ಕೋಣೆಯಲ್ಲಿ ಮೇಜು. ಮೇಜಿನ ಹಿಂದೆ ಕುರ್ಚಿ, ಕಪ್ಪು, ಎತ್ತರದ ಬೆನ್ನಿನದು, ಬಾಗಿಲಿಗೆ ಬೆನ್ನು ಮಾಡಿತ್ತು. ಬಾಗಿಲ ಸದ್ದಿಗೆ ಕುರ್ಚಿ ಮೆಲ್ಲಗೆ ತಿರುಗಿತು. ಅದರಲ್ಲಿ ಇಸ್ತ್ರಿ ಅಕ್ಕ ಕೂತಿದ್ದಳು.

ಕಾಜಣ್ಣನಿಗೆ ಕುರ್ಚಿ ತಿರುಗುವುದು ನಿಜ ಎಂದು ಮಾತ್ರ ಖಾತ್ರಿಯಾಯಿತು.

"ಅಣ್ಣ, ನೀವು ಬೇಡ ಅಂತ ಬರೆದು ಕಳಿಸಿದ್ರಲ್ಲ," ಅಂದಳು ಅಕ್ಕ, ಅವಳೂ ಗಾಬರಿಯಾಗಿ. "ಬೂದು ಕೋಟು ತಂದುಕೊಡೋಕೆ ನಾನೇ ಬಂದಿದ್ದೆ. ಒಳಜೇಬಲ್ಲಿ ಕಾಗದ ಇತ್ತು, ನಿಯಮದ ಪ್ರಕಾರ ನೋಡದೇನೇ ಪಿನ್ ಹೊಡೆದು ಕೊಟ್ಟೆ. ಸಾರ್ ಓದಿ ಹಾಗೇ ಕೂತುಬಿಟ್ರು. ಆಮೇಲೆ ನಿನಗೆ ಈ ಕೆಲಸ ಆಗುತ್ತಾ ಅಂದ್ರು. ಆಗುತ್ತೆ ಅಂದೆ."

ಮ್ಯಾನೇಜರ್ ಮೇಜಿನ ಡ್ರಾಯರಿನಿಂದ ಪತ್ರ ತೆಗೆದರು. ಮಡಿಕೆಗಳು ಸವೆದುಹೋಗುವಷ್ಟು ಓದಿದ್ದರು. "ಇಪ್ಪತ್ತು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟಿದಾರೆ ನನ್ನ ಹತ್ರ. ಹೇಳದೆ ಬಿಟ್ಟೋರಿದಾರೆ, ಹೇಳಿ ಬಿಟ್ಟೋರಿದಾರೆ. ಸೇರೋ ಮುಂಚೇನೇ ಮೂವತ್ತು ದಿನದ ನೋಟೀಸ್ ಕೊಟ್ಟೋರು ನೀವೊಬ್ಬರೇ. ಅದೂ ಹೋಗಲಿ. ಒಂದು ಅಂಟಿನ ಟ್ಯೂಬು ನೋಡಿ ವಿಗ್ ಅಂತ ಹೇಗೆ ಕಂಡುಹಿಡಿದ್ರಿ? ಎಲ್ಲರಿಗೂ ಗೊತ್ತು ಅಂತ ಬೇರೆ ಬರೆದಿದೀರ. ಎರಡು ದಿನ ನಿದ್ದೆ ಬರಲಿಲ್ಲ. ಕೊನೆಗೆ ಅರುವತ್ತು ಜನ ಸ್ಟಾಫನ್ನ ಒಬ್ಬೊಬ್ಬರಾಗಿ ಕರೆದು ಕೇಳಿದೆ."

"ಏನಂದ್ರು ಸಾರ್?" ದನಿ ಕಾಜಣ್ಣನದೇ, ಆದರೆ ಎಲ್ಲಿಂದಲೋ ಬಂತು.

"ಎಲ್ಲರಿಗೂ ಗೊತ್ತಿತ್ತು."

ಕಾಜಣ್ಣನ ತಲೆಯೊಳಗೆ ಹನ್ನೊಂದು ವರ್ಷದ ಕೋಟುಗಳು ಒಂದೊಂದಾಗಿ ನೇತಾಡತೊಡಗಿದವು. ನೀಲಿ, ಕಂದು, ಕಪ್ಪು, ಚೌಕುಳಿ. ಎರಡು ದಿನ ಒಂದೇ ಕೋಟು ಹಾಕದ ಮಾಲೀಕರು.

"ಆ ಬೂದು ಕೋಟು ನಿಮ್ಮದಾ ಸಾರ್?" ಅಂದ ಕ್ಷೀಣವಾಗಿ.

"ನಾನೇ ಒಗೆಯೋಕೆ ಅಂತ ನಿಮ್ಮ ಕೈಗೆ ಕೊಟ್ಟಿದ್ನಲ್ಲ."

ನಿಜ ಹೇಳಿದರೆ ಹನ್ನೊಂದು ವರ್ಷದ ಮಾಲೀಕರ ಮಾನ ಇಲ್ಲೇ ಬೆಡ್‌ಶೀಟಿನ ಜೊತೆ ಒಗೆಯಲು ಬೀಳುತ್ತದೆ. ಜೊತೆಗೆ ಅಕ್ಕ ಕುರ್ಚಿಯ ಎರಡೂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಅವಳೂ ಹಬೆಯಲ್ಲಿ ಅಷ್ಟೇ ವರ್ಷ ನಿಂತವಳು.

"ಕಾಲು ನೋವು ಸಾರ್," ಅಂದ ಕಾಜಣ್ಣ. "ನೋವು ಹಾಗೇ ಇದೆ. ಹೇಳಿ ಹೋಗೋಣ ಅಂತ ಬಂದೆ. ಆ ಕಾಗದ ಕೊಡ್ತೀರಾ?"

ಹೊರಗೆ ಬರುವಾಗ ಅಕ್ಕ ಬಾಗಿಲವರೆಗೆ ಬಂದಳು.

"ಮಾಲೀಕರಿಗೆ ಒಂದು ಮಾತು ಹೇಳಿ ಬರಬೇಕಿತ್ತಕ್ಕ. ಒದ್ದಾಡ್ತಿದಾರೆ."

"ಮೂರು ವರ್ಷದ ಹಿಂದೆ ಹೇಳಿದ್ದೆ ಅಣ್ಣ, ಬಿಡ್ತೀನಿ ಅಂತ. ಆಯ್ತು, ನೋಡೋಣ ಅಂದ್ರು. ಇನ್ನೂ ನೋಡ್ತಾನೇ ಇದ್ರು."

ಕಾಜಣ್ಣ ಬಸ್ಸಿಗೆ ಕಾಯಲಿಲ್ಲ, ಓಡಿದ. ಮದುವೆಯ ಕೋಟು ಬೆವರಿಗೆ ಬೆನ್ನಿಗೆ ಅಂಟಿತು. ಎರಡೂ ಕೆಲಸ ಹೋದವು ಎಂದು ಒಂದು ಕಾಲು ಹೇಳುತ್ತಿತ್ತು, ಮಾಲೀಕರಿಗೆ ಇನ್ನೂ ಏನೂ ಗೊತ್ತಿಲ್ಲ ಎಂದು ಇನ್ನೊಂದು ಕಾಲು ಹೇಳುತ್ತಿತ್ತು. ಅಂಗಡಿಯ ತಿರುವಿಗೆ ಬಂದವನು ನಿಂತುಬಿಟ್ಟ.

ಅಂಗಡಿಯ ಷಟರ್ ಎಳೆದೇ ಇತ್ತು. ಮುಂದೆ ಆರೇಳು ಗಿರಾಕಿಗಳು. ನಡುವೆ ಮಾಲೀಕರು, ಬರೀ ಅಂಗಿಯಲ್ಲಿ. ಅವರ ಎದುರಿಗೆ ಚೌಕುಳಿ ಕೋಟು ತೊಟ್ಟ ದಪ್ಪ ವಕೀಲರೊಬ್ಬರು ಬೀಗದ ಕೈ ಹಿಡಿದು ಅಲ್ಲಾಡಿಸುತ್ತಿದ್ದರು.

"ನಿಮ್ಮ ಅಂಗಡಿ ಬೀಗದ ಕೈ ನನ್ನ ಕೋಟಿನ ಜೇಬಿಗೆ ಹೇಗೆ ಬಂತು ಅಂತ ಕೇಳ್ತಿದೀನಿ. ನಿನ್ನೆ ಸಂಜೆ ಒಗೆದದ್ದು ಅಂತ ನೀವೇ ತಂದುಕೊಟ್ರಿ. ಕೋಟು ಬೆಚ್ಚಗಿತ್ತು. ಇಸ್ತ್ರಿ ಬಿಸಿ ಅಂತ ನಾನು ಅಂದ್ಕೊಂಡೆ. ಇಸ್ತ್ರಿದಾ, ನಿಮ್ಮದಾ?"

ಗಿರಾಕಿಗಳು ತಮ್ಮ ತಮ್ಮ ಕೋಟುಗಳನ್ನು ಮುಟ್ಟಿ ನೋಡಿಕೊಂಡರು. ಮಾಲೀಕರ ಮುಖ ಇಸ್ತ್ರಿಯಾಗದ ಬಟ್ಟೆಯಂತಾಗಿತ್ತು. ಹದಿಮೂರು ಕೂದಲೂ ಗಾಳಿಗೆ ಎಡಗಡೆ ಹಾರಿ ಹೋಗಿದ್ದವು, ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಕಾಜಣ್ಣನಿಗೆ ಯೋಚಿಸಲು ಸಮಯವಿರಲಿಲ್ಲ. ಇದ್ದಿದ್ದರೆ ಕೆಡಿಸಿಬಿಡುತ್ತಿದ್ದ.

"ತಪ್ಪು ನಂದು ಸಾರ್," ಎಂದು ನಡುವೆ ನುಗ್ಗಿದ. "ಜೇಬು ನೋಡೋದು ನನ್ನ ಕೆಲಸ. ನಿನ್ನೆ ನಿಮ್ಮ ಕೋಟಿನ ಜೇಬಿಗೆ ಕೈ ಹಾಕಿದಾಗ ಕೈಯಲ್ಲಿದ್ದ ಬೀಗದ ಕೈ ಒಳಗೇ ಉಳ್ಕೊಂಡಿದೆ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ. ನಿಮ್ಮ ಒಗೆತ ಈ ಸಲ ಪುಕ್ಕಟೆ."

ವಕೀಲರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಓಟದಲ್ಲಿ ಅವನ ಕೋಟಿನ ಗುಂಡಿ ಅದು ಹೇಗೋ ಮತ್ತೆ ಒಂದು ಕಾಜ ತಪ್ಪಿತ್ತು. ಅದನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಇಂಥವನು ಬೀಗದ ಕೈಯನ್ನು ಎಲ್ಲಿ ಬೇಕಾದರೂ ಬಿಡಬಲ್ಲ.

ಷಟರ್ ಎದ್ದಿತು. ಗಿರಾಕಿಗಳು ಕರಗಿದರು. ಒಳಗೆ ಇಬ್ಬರೇ ಉಳಿದರು. ಮಾಲೀಕರು ತುಂಬ ಹೊತ್ತು ಕೌಂಟರಿನ ಅಂಚು ಒರೆಸಿದರು.

"ಬೆಳಗ್ಗೆ ಎಂಟಕ್ಕೆ ಬಂದೆ," ಅಂದರು ಕೊನೆಗೆ. "ನೀನು ಇರಲಿಲ್ಲ. ಒಂಬತ್ತಾಯ್ತು, ಇಲ್ಲ. ಅವಳ ಹಾಗೆ ನೀನೂ ಹೋದೆ ಅಂತ ನನ್ನ ಎದೆ ಹೊಡ್ಕೊಳ್ತು. ಆಮೇಲೆ ಅಂದ್ಕೊಂಡೆ. ಹೇಳದೆ ಕೇಳದೆ ಹೋಗೋನಲ್ಲ ನಮ್ಮ ಕಾಜ. ಹೋಗೋದಿದ್ರೆ ತಿಂಗಳು ಮುಂಚೆ ಹೇಳ್ತಾನೆ."

ಕಾಜಣ್ಣನ ಒಳಜೇಬಿನಲ್ಲಿ ಪತ್ರ ಕೆಂಡದ ಹಾಗೆ ಸುಟ್ಟಿತು. "ಹೌದು ಸಾರ್," ಅಂದ.

"ಏನು ಕೋಟು ಹಾಕ್ಕೊಂಡು ಬಂದಿದೀಯ? ಯಾರದಾದ್ರೂ ಮದುವೆಯಾ? ನೆಂದು ಮುದ್ದೆಯಾಗಿದೆ. ಬಿಚ್ಚು, ನಾನೇ ಮಿಷನ್ನಿಗೆ ಹಾಕ್ತೀನಿ." ಬೇಡ ಅನ್ನುವಷ್ಟರಲ್ಲಿ ಕೋಟು ಬಿಚ್ಚಿಸಿಕೊಂಡು ಹಿಂದಕ್ಕೆ ಹೋಗಿಬಿಟ್ಟರು.

ಕಾಜಣ್ಣ ಕೌಂಟರು ಹಿಡಿದು ನಿಂತ. ಮಾಲೀಕರು ಜೇಬು ನೋಡದೆ ಹಾಕಲಿ ಎಂದು ಗೊತ್ತಿದ್ದ ದೇವರನ್ನೆಲ್ಲ ಕೇಳಿಕೊಂಡ. ಹಿಂದಿನಿಂದ ತುಂಬ ಹೊತ್ತು ಸದ್ದೇ ಬರಲಿಲ್ಲ. ಮಿಷನ್ನಿನ ಸದ್ದೂ ಇಲ್ಲ, ಹಾಡೂ ಇಲ್ಲ. ಆಮೇಲೆ ಮಿಷನ್ನು ಶುರುವಾಯಿತು.

ಸಂಜೆ ಮಾಲೀಕರು ಕೋಟು ತಂದು ಅವನ ಕೈಗೆ ಕೊಟ್ಟರು, ಗಟ್ಟಿ ಇಸ್ತ್ರಿ ಹೊಡೆದು. ಹ್ಯಾಂಗರಿಗೆ ಒಂದು ಕಾಗದದ ಕವರು ಪಿನ್ನಾಗಿತ್ತು. ಅವರು ಅವನ ಮುಖ ನೋಡಲಿಲ್ಲ. ಗೋಡೆಯ ಬೋರ್ಡು ನೋಡುತ್ತಾ, "ನಿನ್ನ ಜೇಬಿನದು ನಿನಗೆ," ಅಂದರು.

ಆ ರಾತ್ರಿ ಕಾಜಣ್ಣ ಮನೆಯಲ್ಲಿ ಏನೂ ಹೇಳಲಿಲ್ಲ. ಬೀದಿ ಸಾಲುಗಟ್ಟಿ ಬಂದು ಕುರ್ಚಿ ಹೇಗಿದೆ ಎಂದು ಕೇಳಿತು. "ತಿರುಗುತ್ತೆ," ಎಂದಷ್ಟೇ ಹೇಳಿ ಮುಸುಕೆಳೆದುಕೊಂಡ. ನಾಳೆ ಹೋದರೆ ಮಾಲೀಕರು ಹೊರಗೆ ಹಾಕುತ್ತಾರೋ, ಅಳುತ್ತಾರೋ, ಎರಡರಲ್ಲಿ ಯಾವುದು ಹೆಚ್ಚು ಭಯ ಎಂದು ಅವನಿಗೇ ತಿಳಿಯಲಿಲ್ಲ.

ಬೆಳಗ್ಗೆ ಅಂಗಡಿಗೆ ಕಾಲಿಟ್ಟವನ ಮುಖಕ್ಕೆ ಏನೋ ಬಡಿಯಿತು. ಗಾಳಿ.

ಫ್ಯಾನು ತಿರುಗುತ್ತಿತ್ತು. ಅದರ ಕೆಳಗೆ ಮಾಲೀಕರು ಪೇಪರು ಓದುತ್ತಿದ್ದರು. ತಲೆ ನುಣ್ಣಗೆ ಬೋಳಿಸಿಕೊಂಡಿದ್ದರು, ಒಂದು ಕೂದಲೂ ಇರಲಿಲ್ಲ. ಕೌಂಟರಿನ ಹಿಂದೆ, ಅವನು ಹನ್ನೊಂದು ವರ್ಷ ನಿಂತು ನಿಂತು ನೆಲ ಸವೆದ ಜಾಗದಲ್ಲಿ, ಒಂದು ಕುರ್ಚಿ. ಮರದ್ದು. ತಿರುಗುವುದಲ್ಲ.

"ಕಾಲು ನೋವು ಹೇಗಿದೆ?" ಅಂದರು ಮಾಲೀಕರು ಪೇಪರಿನ ಹಿಂದಿನಿಂದ.

ಕಾಜಣ್ಣ ಹೌಹಾರಿ ನಿಂತಿದ್ದ. ಕಷ್ಟಪಟ್ಟು, "ಪರವಾಗಿಲ್ಲ ಸಾರ್," ಅಂದ.

ಮಾಲೀಕರು ಪುಟ ತಿರುವಿದರು. ಅವತ್ತಿನ ಕೋಟು ಕಂದು, ಚೆನ್ನಾಗಿ ಒಪ್ಪುತ್ತಿತ್ತು. ಕಾಲರಿನ ಹಿಂದಿನಿಂದ ಒಂದು ಚೀಟಿ ಇಣುಕುತ್ತಿತ್ತು, ಇನ್ನೂರ ಹನ್ನೆರಡು. ಕಾಜಣ್ಣ ಹೋಗಿ, ಏನೂ ಆಗದವನ ಹಾಗೆ, ಚೀಟಿಯನ್ನು ಕಾಲರಿನೊಳಗೆ ಸೇರಿಸಿ ಬಂದ.

ಆಮೇಲೆ ಕೌಂಟರಿನ ಹಿಂದೆ ಮಂಡಿಯೂರಿ, ಕುರ್ಚಿಯನ್ನು ಬಗ್ಗಿಸಿ ಅದರ ಅಡಿಯಲ್ಲಿ, ಕಾಲುಗಳಲ್ಲಿ, ಬೆನ್ನಿನ ಹಿಂದೆ, ಎಲ್ಲಾ ಕಡೆ ಚೀಟಿ ಹುಡುಕಿದ.

ಇರಲಿಲ್ಲ. ಕೂತ.